ಬ್ಯಾಟರಿ ಗರಗಸದ ಸುಲಭತೆ: ಮತ್ತಿಕೆರೆಯ ಕೊಂಬೆ ಕಡಿತದ ಒಂದು ವಿಮರ್ಶೆ

ಗುಂಡಿ ಒತ್ತಿದೊಡನೆ ಓಡುವ ಯಂತ್ರವನ್ನು ಬಳಸಲು ಕಲಿಕೆ ಬೇಕಿಲ್ಲವೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಬೆಂಗಳೂರಿನ ಮನೆಗಳಿಗೂ ಕೊಂಬೆ ಕಡಿಯುವ ಕೂಲಿಗಾರರ ಕೈಗಳಿಗೂ ಈಗ ಬರುತ್ತಿರುವ ಬ್ಯಾಟರಿ ಚಾಲಿತ ಸರಪಳಿ ಗರಗಸದ, ಅಂದರೆ ರೂಢಿಯ ಮಾತಿನ ‘ಬ್ಯಾಟರಿ ಚೈನ್ ಸಾ’ ಎಂಬ ಉಪಕರಣದ ವಿಷಯದಲ್ಲಿ ಈ ಭಾವನೆ ಜೀವಕ್ಕೇ ಎರವಾಗಬಲ್ಲದು. ಯಂತ್ರವನ್ನು ಚಾಲೂ ಮಾಡುವ ಶ್ರಮವನ್ನು ಬ್ಯಾಟರಿ ತೆಗೆದುಹಾಕಿದೆಯೇ ಹೊರತು ಕೊಯ್ಯುವಾಗಿನ ಅಪಾಯವನ್ನಲ್ಲ. ಹಾಗಿದ್ದರೂ ಮಾರಾಟದ ಮಾತಿನಲ್ಲಿ ಈ ಎರಡೂ ಒಂದೇ ಎಂಬಂತೆ ಬೆರೆತುಹೋಗಿವೆ. ಆದ್ದರಿಂದ ಉಪಕರಣದ ಗುಣವನ್ನೂ ಅದನ್ನು ಬಳಸುವ ರೂಢಿಯನ್ನೂ ಬೇರೆಬೇರೆಯಾಗಿ ತೂಗಿ ನೋಡುವುದು ಅಗತ್ಯ.

ಈ ಪರಿಶೀಲನೆಗೆ ಉತ್ತರ ಬೆಂಗಳೂರಿನ ಮತ್ತಿಕೆರೆ ತಕ್ಕ ನೆಲೆಯಾಗಿದೆ. ಯಶವಂತಪುರದ ರೈಲು ನಿಲ್ದಾಣಕ್ಕೂ ಭಾರತೀಯ ವಿಜ್ಞಾನ ಸಂಸ್ಥೆಗೂ ನೆರೆಯಾಗಿರುವ ಈ ಬಡಾವಣೆಯಲ್ಲಿ ಜಯಪ್ರಕಾಶ ನಾರಾಯಣ ಉದ್ಯಾನದಂಥ ವಿಶಾಲವಾದ ಹಸಿರು ಜಾಗ ಒಂದೆಡೆಯಿದ್ದರೆ, ಒತ್ತೊತ್ತಾಗಿ ಎದ್ದ ಮನೆಗಳ ನಡುವಿನ ಇಕ್ಕಟ್ಟಾದ ಅಡ್ಡರಸ್ತೆಗಳು ಇನ್ನೊಂದೆಡೆಯಿವೆ. ಅಲ್ಲಿ ಮರದ ಕೊಂಬೆ, ವಿದ್ಯುತ್ ತಂತಿ, ಮಹಡಿಯ ಸಜ್ಜ, ರಸ್ತೆಬದಿಗೆ ನಿಲ್ಲಿಸಿದ ವಾಹನ ಎಲ್ಲವೂ ಕೆಲವೇ ಅಡಿಗಳ ಅಂತರದಲ್ಲಿರುತ್ತವೆ. ಬೆಂಗಳೂರಿನ ಸಾಲುಮರಗಳಿಗೆ ದೀರ್ಘವಾದ ಚರಿತ್ರೆಯಿದೆ: 20ನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಿ.ಎಚ್. ಕ್ರುಂಬಿಗೆಲ್ ಅವರು ಋತುವಿನಿಂದ ಋತುವಿಗೆ ಸರದಿಯಂತೆ ಹೂಬಿಡುವ ಮರಗಳನ್ನು ಬೀದಿಗಳಿಗೆ ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಾದ್ಯಂತ ಲಕ್ಷಗಟ್ಟಲೆ ಸಸಿಗಳನ್ನು ನೆಡಲಾಯಿತು. ಹಾಗೆ ನೆಟ್ಟವುಗಳಲ್ಲಿ ಉಳಿದವು ಇಂದು ನಲವತ್ತರ ಆಸುಪಾಸಿನ ದೊಡ್ಡ ಮರಗಳಾಗಿವೆ, ಮತ್ತು ಗುಲ್‌ಮೊಹರ್, ಮಳೆಮರಗಳಂಥ ಜಾತಿಗಳ ಕೊಂಬೆಗಳು ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಮುರಿದು ಬೀಳುವುದು ನಗರದ ವಾರ್ಷಿಕ ಸಂಕಟವಾಗಿದೆ. ಕೊಂಬೆ ಕಡಿಯುವ ಅಗತ್ಯ ನಿಜವಾದದ್ದು. ಪ್ರಶ್ನೆಯಿರುವುದು ಯಾರು, ಯಾವುದರಿಂದ, ಹೇಗೆ ಕಡಿಯಬೇಕು ಎಂಬುದರಲ್ಲಿ.

ಸರಪಳಿ ಗರಗಸದ ರಚನೆ ಸರಳವಾದದ್ದು. ಉದ್ದನೆಯ ಉಕ್ಕಿನ ಪಟ್ಟಿಯೊಂದರ ಅಂಚಿನ ತೋಡಿನಲ್ಲಿ ಹಲ್ಲುಗಳುಳ್ಳ ಸರಪಳಿ ಸುತ್ತುತ್ತಿರುತ್ತದೆ. ಪ್ರತಿ ಹಲ್ಲಿನ ಮುಂದೆ ಅದು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಮಿತಿಗೊಳಿಸುವ ಸಣ್ಣ ಉಬ್ಬೊಂದಿರುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ರೂಪಿಸಿದ ಮೊದಲ ಗರಗಸ ವಿದ್ಯುತ್ತಿನಿಂದಲೇ ಓಡುತ್ತಿತ್ತು, ಆದರೆ ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. ಇಂದಿನ ಸರಪಳಿಯ ಹಲ್ಲಿನ ಆಕಾರ ಬಂದದ್ದು ಅಮೆರಿಕದ ಜೋಸೆಫ್ ಕಾಕ್ಸ್ ಅವರಿಂದ. ಮರ ಕೊರೆಯುವ ಹುಳುವಿನ ದವಡೆಯನ್ನು ಗಮನಿಸಿ ಅವರು ರೂಪಿಸಿದ ಸರಪಳಿ 1947ರಲ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ದಶಕಗಳ ಕಾಲ ಪೆಟ್ರೋಲ್ ಎಂಜಿನ್ನಿನದೇ ಆಳ್ವಿಕೆ ನಡೆದು, ಹಗುರವಾದ ಲಿಥಿಯಂ-ಅಯಾನ್ ಬ್ಯಾಟರಿಗಳು ಬಂದ ಬಳಿಕ ವಿದ್ಯುತ್ ಗರಗಸ ವಾಯರಿನ ಹಂಗಿಲ್ಲದೆ ಮರಳಿದೆ.

ಈ ಮರಳುವಿಕೆಯ ಲಾಭಗಳನ್ನು ಅಲ್ಲಗಳೆಯಲಾಗದು. ಪೆಟ್ರೋಲ್ ಗರಗಸದ 100 ಡೆಸಿಬೆಲ್ ಮೀರುವ ಅಬ್ಬರ, ಹೊಗೆ, ಹಗ್ಗ ಎಳೆದು ಎಂಜಿನ್ ಹತ್ತಿಸುವ ಪರದಾಟ ಇವು ಯಾವುವೂ ಇದರಲ್ಲಿಲ್ಲವಾದ್ದರಿಂದ, ಆಸ್ಪತ್ರೆಯೂ ಶಾಲೆಗಳೂ ಇರುವ ವಸತಿ ಪ್ರದೇಶಕ್ಕೆ ಇದು ಹೆಚ್ಚು ಒಪ್ಪುತ್ತದೆ. ಇಂಧನ ಬೆರೆಸಿಡುವ, ಚೆಲ್ಲುವ ಭಯವೂ ಇಲ್ಲ. ಆದರೆ ಇವೇ ಗುಣಗಳ ಇನ್ನೊಂದು ಮುಖ ಗಂಭೀರವಾದದ್ದು. ಪೆಟ್ರೋಲ್ ಎಂಜಿನ್ ಕೊಯ್ಯದಿರುವಾಗಲೂ ಸದ್ದು ಮಾಡುತ್ತ ತಾನು ಎಚ್ಚರವಾಗಿದ್ದೇನೆಂದು ಸುತ್ತಲಿನವರಿಗೆ ತಿಳಿಸುತ್ತದೆ. ಬ್ಯಾಟರಿ ಗರಗಸ ಎರಡು ಕೊಯ್ತಗಳ ನಡುವೆ ಪೂರ್ತಿ ಮೌನವಾಗಿದ್ದು, ಬೆರಳು ಗುಂಡಿಯನ್ನು ತಾಗಿದ ಕ್ಷಣದಲ್ಲೇ ಪೂರ್ಣ ವೇಗಕ್ಕೆ ಏರಬಲ್ಲದು. ಸಿಕ್ಕಿಕೊಂಡ ಹೊಟ್ಟನ್ನು ಬೆರಳಿನಿಂದ ತೆಗೆಯುವಾಗ, ಸಡಿಲವಾದ ಸರಪಳಿಯನ್ನು ಬಿಗಿಗೊಳಿಸುವಾಗ, ಗರಗಸವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವಾಗ ಬ್ಯಾಟರಿಯನ್ನು ಕಳಚಿಡಬೇಕೆಂಬ ನಿಯಮ ಈ ಉಪಕರಣದ ಮೊದಲ ಪಾಠವಾಗಬೇಕಾದದ್ದು ಇದೇ ಕಾರಣಕ್ಕೆ. ಸರಪಳಿಗೂ ಪಟ್ಟಿಗೂ ಬೇಕಾದ ಎಣ್ಣೆಯ ವಿಷಯದಲ್ಲಿಯೂ ಮರೆವು ಸುಲಭ: ಪೆಟ್ರೋಲ್ ತುಂಬಿಸುವ ಕೆಲಸವಿಲ್ಲದ್ದರಿಂದ ಎಣ್ಣೆ ತುಂಬಿಸುವ ಅಭ್ಯಾಸವೂ ತಪ್ಪುತ್ತದೆ, ಒಣಗಿದ ಸರಪಳಿ ಕಾದು ಹಿಗ್ಗಿ ತೋಡಿನಿಂದ ಹೊರಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಹಿನ್ನೆಗೆತ, ಅಂದರೆ ಗರಗಸದ ಮೂತಿ ಇದ್ದಕ್ಕಿದ್ದಂತೆ ಮೇಲೆದ್ದು ಹಿಡಿದವರ ಮುಖ-ಕೊರಳುಗಳತ್ತ ತಿರುಗಿಬರುವ ಕ್ರಿಯೆ. ಸರಪಳಿ ಪಟ್ಟಿಯ ಮೇಲಂಚಿನಲ್ಲಿ ಮುಂದಕ್ಕೆ ಓಡಿ, ತುದಿಯಲ್ಲಿ ಬಾಗಿ, ಕೆಳಂಚಿನಲ್ಲಿ ಹಿಂದಿರುಗುತ್ತದೆ. ತುದಿಯ ಮೇಲ್ಭಾಗದ ಕಾಲುವೃತ್ತ ಕೊಂಬೆಗೋ ಗೋಡೆಗೋ ತಗುಲಿದರೆ, ಅಲ್ಲಿ ಬಾಗುತ್ತಿರುವ ಹಲ್ಲು ತನ್ನ ಮಿತಿ ಮೀರಿ ಆಳಕ್ಕೆ ಕಚ್ಚಿ ಸಿಕ್ಕಿಕೊಳ್ಳುತ್ತದೆ, ಮತ್ತು ಸರಪಳಿಯನ್ನು ಓಡಿಸುತ್ತಿದ್ದ ಶಕ್ತಿಯೆಲ್ಲ ಪಟ್ಟಿಯನ್ನೇ ಹಿಂದಕ್ಕೆ ತಿರುಗಿಸುತ್ತದೆ. ಇದು ಮನುಷ್ಯ ಪ್ರತಿಕ್ರಿಯಿಸುವುದಕ್ಕಿಂತ ವೇಗವಾಗಿ ಮುಗಿದುಹೋಗುವ ಘಟನೆಯಾದ್ದರಿಂದ ‘ಹುಷಾರಾಗಿದ್ದರೆ ಸಾಕು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ರಕ್ಷಣೆ ಮೊದಲೇ ಏರ್ಪಟ್ಟಿರಬೇಕು. ಮುಂದಿನ ಹಿಡಿಯೆದುರಿನ ಕೈರಕ್ಷಕ ತಟ್ಟೆಗೆ ಜೋಡಿಸಿದ, ತಳ್ಳಿದೊಡನೆ ಸರಪಳಿಯನ್ನು ನಿಲ್ಲಿಸುವ ಬ್ರೇಕು. ಹೆಬ್ಬೆರಳು ಹಿಡಿಯ ಸುತ್ತ ಬರುವಂತೆ ಎರಡೂ ಕೈಗಳ ಬಿಗಿ ಹಿಡಿತ. ಪಟ್ಟಿಯ ನೇರಕ್ಕೆ ಮೈಯನ್ನು ತರದೆ ಪಕ್ಕಕ್ಕೆ ನಿಲ್ಲುವ ಕ್ರಮ. ತುದಿಯಿಂದ ಕೊಯ್ಯದಿರುವುದು ಮತ್ತು ಭುಜದ ಮಟ್ಟಕ್ಕಿಂತ ಮೇಲೆ ಗರಗಸವನ್ನು ಎತ್ತದಿರುವುದು: ಆ ರಕ್ಷಣೆಯೆಂದರೆ ಇವಿಷ್ಟೇ, ಮತ್ತು ಇವುಗಳಲ್ಲಿ ಯಾವ ಒಂದನ್ನೂ ಬಿಡುವಂತಿಲ್ಲ.

ಈ ಅಳತೆಗೋಲಿನಿಂದ ನೋಡಿದಾಗ ಅಗ್ಗವಾಗಿ ಮಾರಾಟವಾಗುವ ನಾಲ್ಕು, ಆರು ಇಂಚು ಪಟ್ಟಿಯ ಪುಟ್ಟ ಗರಗಸಗಳು ಅತ್ಯಂತ ಕಟುವಾದ ವಿಮರ್ಶೆಗೆ ಅರ್ಹವಾಗಿವೆ. ಇವುಗಳಲ್ಲಿ ಬಹುಪಾಲಿನವಕ್ಕೆ ಸರಪಳಿ ಬ್ರೇಕು ಇರುವುದಿಲ್ಲ. ಒಂದೇ ಕೈಯಲ್ಲಿ ಹಿಡಿಯಬಹುದೆಂಬುದೇ ಅವುಗಳ ಆಕರ್ಷಣೆ. ಒಂದು ಕೈ ಗರಗಸದ ಮೇಲಿರುವಾಗ ಇನ್ನೊಂದು ಕೈ ತಾನಾಗಿಯೇ ಕೊಯ್ಯಬೇಕಾದ ಕೊಂಬೆಯನ್ನು ಹಿಡಿಯಲು ಹೋಗುತ್ತದೆ, ಕೊಂಬೆ ತುಂಡಾದ ಮರುಕ್ಷಣ ಸರಪಳಿ ಅದೇ ಕೈಯ ಮಣಿಕಟ್ಟಿಗೆ ಇಳಿಯುವ ಸಾಧ್ಯತೆ ತೆರೆಯುತ್ತದೆ. ಸಣ್ಣದೆಂಬ ಕಾರಣಕ್ಕೆ ಅದರ ಹಲ್ಲು ಮಾಂಸ, ನರಗಳನ್ನು ಬಿಡುವುದಿಲ್ಲ.

ರಕ್ಷಣಾ ಉಡುಪಿನ ಪ್ರಶ್ನೆಯಲ್ಲಿ ಇನ್ನೂ ಸೂಕ್ಷ್ಮವಾದ ಅಂಶವೊಂದಿದೆ. ಗರಗಸದ ಕೆಲಸಕ್ಕೆಂದು ಮಾಡುವ ಪ್ಯಾಂಟಿನೊಳಗೆ ಉದ್ದವಾದ ಗಟ್ಟಿ ನಾರುಗಳ ಪದರಗಳಿರುತ್ತವೆ. ಸರಪಳಿ ಬಟ್ಟೆಯನ್ನು ಹರಿದರೆ ಆ ನಾರುಗಳು ಎಳೆದುಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಯಂತ್ರವನ್ನು ತಡೆದು ನಿಲ್ಲಿಸುತ್ತವೆ. ಅಂತರರಾಷ್ಟ್ರೀಯ ಮಾನಕಗಳು ಇಂಥ ಉಡುಪನ್ನು ಸೆಕೆಂಡಿಗೆ 16, 20, 24, 28 ಮೀಟರ್ ಸರಪಳಿ ವೇಗಗಳಿಗೆ ತಕ್ಕಂತೆ ವರ್ಗೀಕರಿಸುತ್ತವೆ. ಆದರೆ ವಿದ್ಯುತ್ ಮೋಟಾರು ಕಡಿಮೆ ವೇಗದಲ್ಲಿಯೂ ಬಲವಾಗಿ ತಿರುಗುವುದರಿಂದ, ಪೆಟ್ರೋಲ್ ಗರಗಸವನ್ನು ನಿಲ್ಲಿಸುವ ನಾರು ಬ್ಯಾಟರಿ ಗರಗಸವನ್ನು ಅಷ್ಟೇ ಖಚಿತವಾಗಿ ನಿಲ್ಲಿಸುವುದೆಂದು ಭಾವಿಸುವಂತಿಲ್ಲ. ಬ್ಯಾಟರಿಯದು ಸೌಮ್ಯವಾದ ಯಂತ್ರವೆಂಬ ಜನಪ್ರಿಯ ಗ್ರಹಿಕೆಯನ್ನು ಈ ಒಂದೇ ಸಂಗತಿ ಅಲ್ಲಗಳೆಯುತ್ತದೆ. ಹೀಗಿರುವಾಗ ಹವಾಯಿ ಚಪ್ಪಲಿ, ಲುಂಗಿ, ಬರಿಗಣ್ಣುಗಳಲ್ಲಿ ಬೀದಿಯ ಕೆಲಸ ನಡೆಯುವುದನ್ನು ಬಡತನದ ಹೆಸರಿನಲ್ಲಿ ಸಮರ್ಥಿಸುವುದು ಅನ್ಯಾಯ. ಹೆಲ್ಮೆಟ್, ಕಣ್ಣಿನ ಕವಚ, ಕಿವಿಮುಚ್ಚಿಗೆ, ಗಟ್ಟಿ ಬೂಟು, ತಡೆ ಪ್ಯಾಂಟುಗಳ ವೆಚ್ಚವನ್ನು ಕೆಲಸ ಮಾಡಿಸುವವರೇ ಹೊರಬೇಕು.

ಮತ್ತಿಕೆರೆಯಂಥ ಕಡೆ ಅಪಾಯವನ್ನು ಇಮ್ಮಡಿಗೊಳಿಸುವುದು ಏಣಿ ಮತ್ತು ವಿದ್ಯುತ್ ತಂತಿ. ಕಾಂಪೌಂಡಿನ ಮೇಲೋ ಒರಗಿಸಿದ ಏಣಿಯ ಮೇಲೋ ನಿಂತು ಗರಗಸ ಹಿಡಿದವರು ಒಂದು ಕೈಯನ್ನು ಆಸರೆಗೆ ಕೊಡಲೇಬೇಕಾಗುತ್ತದೆ, ಅಲ್ಲಿಗೆ ಎರಡು ಕೈಗಳ ನಿಯಮ ಮುರಿಯಿತು. ಕಡಿದ ಕೊಂಬೆ ಬೀಳುವಾಗ ಏಣಿಯನ್ನೇ ಒದೆಯಬಹುದು, ಕೊಂಬೆಯ ಭಾರ ಇಳಿದೊಡನೆ ಮರದ ಉಳಿದ ಭಾಗ ಮೇಲಕ್ಕೆ ಚಿಮ್ಮಿ ಏಣಿಯ ಆಸರೆ ತಪ್ಪಬಹುದು. ಉದ್ದನೆಯ ಕೋಲಿನ ತುದಿಗೆ ಜೋಡಿಸಿದ ಗರಗಸ ನೆಲದಿಂದಲೇ ಕೆಲಸ ಮಾಡಲು ನೆರವಾಗುತ್ತದಾದರೂ, ಲೋಹದ ಕೋಲು ತಂತಿಯ ಹತ್ತಿರ ಹೋದರೆ ಬೇರೆಯದೇ ಸಾವಿನ ದಾರಿ ತೆರೆಯುತ್ತದೆ. ಬ್ಯಾಟರಿಯಿಂದ ಓಡುವುದೆಂಬ ಮಾತ್ರಕ್ಕೆ ಗರಗಸ ವಿದ್ಯುನ್ನಿರೋಧಕವಲ್ಲ, ಹಸಿ ಕೊಂಬೆಯೂ ವಿದ್ಯುತ್ತನ್ನು ಸಾಗಿಸುತ್ತದೆ. ತಂತಿಗೆ ತಾಗಿದ ಅಥವಾ ಅದರ ಸಮೀಪದ ಕೊಂಬೆ, ನಗರಕ್ಕೆ ವಿದ್ಯುತ್ ಪೂರೈಸುವ ಬೆಸ್ಕಾಂನ ಸಿಬ್ಬಂದಿ ಸರಬರಾಜು ನಿಲ್ಲಿಸಿದ ಮೇಲಷ್ಟೇ ಕಡಿಯಬೇಕಾದ ಕೊಂಬೆ; ಅದಕ್ಕಾಗಿ 1912 ಸಂಖ್ಯೆಗೆ ಕರೆ ಮಾಡುವುದು ಸುರಕ್ಷತೆಯ ಕನಿಷ್ಠ ಕ್ರಮವಾಗಿದೆ.

ಗಾಳಿಮಳೆಯ ಮರುದಿನ ಬಿದ್ದ ಕೊಂಬೆಗಳನ್ನು ತುಂಡರಿಸುವ ಕೆಲಸ ನೆಲದ ಮೇಲೆಯೇ ನಡೆಯುವುದರಿಂದ ನಿರಪಾಯವೆಂದು ತೋರುತ್ತದೆ. ಆದರೆ ಗೋಡೆಗೂ ಕಾರಿಗೂ ನಡುವೆ ಬಾಗಿ ಸಿಕ್ಕಿರುವ ಕೊಂಬೆ ಎಳೆದ ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಅದರ ಒಂದು ಮಗ್ಗುಲು ಒತ್ತಡದಲ್ಲಿ ಕುಗ್ಗಿದ್ದರೆ ಇನ್ನೊಂದು ಮಗ್ಗುಲು ಸೆಳೆತದಲ್ಲಿ ಹಿಗ್ಗಿರುತ್ತದೆ; ಕುಗ್ಗಿದ ಮಗ್ಗುಲನ್ನು ಆಳವಾಗಿ ಕೊಯ್ದರೆ ಪಟ್ಟಿ ಇಕ್ಕಟ್ಟಿಗೆ ಸಿಕ್ಕಿಬೀಳುತ್ತದೆ, ಹಿಗ್ಗಿದ ಮಗ್ಗುಲನ್ನು ಒಮ್ಮೆಗೇ ಕಡಿದರೆ ಕೊಂಬೆ ಸಿಡಿದು ಬಡಿಯುತ್ತದೆ. ಮೊದಲು ಕುಗ್ಗಿದ ಕಡೆ ಸ್ವಲ್ಪ ಕೊಯ್ದು, ಆಮೇಲೆ ಪಕ್ಕಕ್ಕೆ ನಿಂತು ಹಿಗ್ಗಿದ ಕಡೆಯನ್ನು ನಿಧಾನವಾಗಿ ಬಿಡಿಸುವ ಈ ತಿಳಿವಳಿಕೆ ಯಾವ ಕೈಪಿಡಿಯ ಚಿತ್ರದಿಂದಲೂ ಪೂರ್ಣವಾಗಿ ಬರುವುದಿಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯಬೇಕಾಗುತ್ತದೆ.

ಕೊಯ್ಯುವವರ ಸುರಕ್ಷತೆಯಷ್ಟೇ ಮರದ ಸುರಕ್ಷತೆಯೂ ಈ ವಿಮರ್ಶೆಯ ಭಾಗ, ಏಕೆಂದರೆ ಕೆಟ್ಟ ಕೊಯ್ತ ಮುಂದಿನ ವರ್ಷಗಳ ಅಪಾಯವನ್ನು ಬಿತ್ತುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ ಅವರು ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ತಡೆಗೋಡೆ ಕಟ್ಟಿ ಅದನ್ನು ಒಳಗೇ ಮುಚ್ಚಿಹಾಕುತ್ತದೆ ಎಂದು ತೋರಿಸಿದರು. ಕೊಂಬೆ ಕಾಂಡವನ್ನು ಕೂಡುವಲ್ಲಿ ಉಬ್ಬಿದಂತಿರುವ ಕೊರಳುಪಟ್ಟಿಯಲ್ಲಿ ಆ ತಡೆಯ ಶಕ್ತಿಯಿರುವುದರಿಂದ ಕೊಯ್ತ ಅದರ ಹೊರಗಡೆ ಬೀಳಬೇಕು. ಭಾರವಾದ ಕೊಂಬೆಗೆ ಮೂರು ಕೊಯ್ತಗಳ ಕ್ರಮವಿದೆ: ಕಾಂಡದಿಂದ ಒಂದಡಿಯಷ್ಟು ದೂರದಲ್ಲಿ ಕೆಳಗಿನಿಂದ ಸ್ವಲ್ಪ, ಅದಕ್ಕಿಂತ ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊರಳುಪಟ್ಟಿಯ ಅಂಚಿನಲ್ಲಿ. ಇದನ್ನು ಬಿಟ್ಟು ಒಂದೇ ಏಟಿಗೆ ಕಡಿದರೆ ತೊಗಟೆ ಕಾಂಡದುದ್ದಕ್ಕೂ ಸುಲಿದು ಬರುತ್ತದೆ. ಗರಗಸದ ವೇಗ ಹೆಚ್ಚಿದಂತೆ ಮರದ ಇಡೀ ತಲೆಯನ್ನೇ ಬೋಳಿಸುವ ಚಟವೂ ಹೆಚ್ಚುತ್ತದೆ. ಬೋಳಿಸಿದ ಮರದಲ್ಲಿ ಒತ್ತಾಗಿ ಚಿಗುರುವ ಹೊಸ ಕೊಂಬೆಗಳು ಮೇಲ್ಪದರಕ್ಕಷ್ಟೇ ಅಂಟಿಕೊಂಡಿದ್ದು, ನಾಲ್ಕಾರು ವರ್ಷಗಳಲ್ಲಿ ಅವೇ ಗಾಳಿಗೆ ಕಿತ್ತು ಬೀಳುತ್ತವೆ.

ಕಾನೂನಿನ ಚೌಕಟ್ಟು ಮರವನ್ನು ಕಾಯುವಷ್ಟು ಗರಗಸ ಹಿಡಿದವರನ್ನು ಕಾಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಅಂಗಳದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ರಸ್ತೆಬದಿಯ ಮರಗಳ ಹೊಣೆ ನಗರಾಡಳಿತದ ಅರಣ್ಯ ವಿಭಾಗದ್ದು, ಅದಕ್ಕೆ ದೂರು ನೀಡಲು 1533 ಸಹಾಯವಾಣಿಯಿದೆ. ಗರಗಸ ಹಿಡಿದವರ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ 1998ರ ಕೆಲಸದ ಸಲಕರಣೆಗಳ ನಿಯಮಗಳ ಅಡಿಯಲ್ಲಿ, ಮರವೇರಿ ಸರಪಳಿ ಗರಗಸ ಬಳಸುವ ಕೆಲಸಗಾರರು ಸಾಮರ್ಥ್ಯ ಪ್ರಮಾಣಪತ್ರ ಹೊಂದಿರಬೇಕಾಗುತ್ತದೆ. ಅಂಥದೇ ಕ್ರಮವನ್ನು ಇಲ್ಲಿ ಗುತ್ತಿಗೆಯ ಷರತ್ತಾಗಿ ಸೇರಿಸಿದರೆ ಮರ ಕಡಿಯುವ ಕೂಲಿಗಾರರ ಜೀವಕ್ಕೂ ಅವರ ಕೌಶಲಕ್ಕೂ ಬೆಲೆ ಬಂದೀತು.

ಒಟ್ಟಿನಲ್ಲಿ ಬ್ಯಾಟರಿ ಗರಗಸ ಒಳ್ಳೆಯ ಉಪಕರಣ, ಅದರ ಪ್ರಚಲಿತ ಬಳಕೆ ಕೆಟ್ಟ ರೂಢಿ. ಗಟ್ಟಿ ನೆಲದ ಮೇಲೆ ನಿಂತು, ಎರಡೂ ಕೈಗಳಲ್ಲಿ ಹಿಡಿದು, ಭುಜಕ್ಕಿಂತ ಕೆಳಗೆ, ರಕ್ಷಣಾ ಉಡುಪಿನಲ್ಲಿ, ಸುತ್ತಲಿನ ಜನರನ್ನು ದೂರ ನಿಲ್ಲಿಸಿ ಬಳಸುವವರಿಗೆ ಅದು ಪೆಟ್ರೋಲ್ ಗರಗಸಕ್ಕಿಂತ ಮೇಲು. ಏಣಿಯ ಮೇಲೆ ಒಂಟಿ ಕೈಯಲ್ಲಿ ಹಿಡಿದವರಿಗೆ ಹಳೆಯ ಕೈಗರಗಸಕ್ಕಿಂತ ಬಹಳ ಕೀಳು. ಮನೆಯವರು ತಾವೇ ಕಡಿಯಬಹುದಾದ ಕೊಂಬೆಗಳು ಸಾಮಾನ್ಯವಾಗಿ ಮಣಿಕಟ್ಟಿಗಿಂತ ತೆಳುವಾದವು, ಅವಕ್ಕೆ ಬಾಗಿದ ಕೈಗರಗಸವೇ ಸಾಕು. ಅದಕ್ಕಿಂತ ದಪ್ಪವಾದ, ತಲೆಗಿಂತ ಎತ್ತರದ, ತಂತಿಗೆ ಸಮೀಪದ ಪ್ರತಿ ಕೊಂಬೆಯನ್ನೂ ತರಬೇತಾದವರಿಗೆ ಬಿಟ್ಟುಕೊಡಬೇಕು, ಮತ್ತು ಆ ತರಬೇತಿಯನ್ನು ಒದಗಿಸುವ ಹೊಣೆಯನ್ನು ನಗರ ಇನ್ನು ತಡಮಾಡದೆ ಹೊರಬೇಕು.