ಬಾಗಿಲು ಹಾಕಿ ಆಡಿದ ಮಾತು

ದೇಶದೇಶಗಳ ನಾಯಕರು ಬಾಗಿಲು ಹಾಕಿಕೊಂಡು ಮಾತಾಡಿದರೆ ಲೋಕಕ್ಕೆ ಏನು ಸಿಗುತ್ತದೆ ಎಂದು ತಿಳಿಯಲು ದಾವೋಸಿನ ಕಡೆ ಕಣ್ಣು ಹಾಯಿಸಬೇಕಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಎರಡು ವಿಳಾಸಗಳೇ ಸಾಕು. ಒಂದು ಬನಶಂಕರಿಗೆ ಅಂಟಿಕೊಂಡ ಪದ್ಮನಾಭನಗರ, ಎಚ್.ಡಿ. ದೇವೇಗೌಡರ ಮನೆ ಇರುವ ಬಡಾವಣೆ. ಇನ್ನೊಂದು ಜೆ.ಪಿ. ನಗರ ದಾಟಿದ ಮೇಲೆ ಕನಕಪುರ ರಸ್ತೆಯಲ್ಲಿ ಸಿಗುವ ಕೋಣನಕುಂಟೆ. ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್, ಶುಭಾ ಮತ್ತು ಅವರ ಐವರು ಸಂಗಡಿಗರು 1991ರ ಆಗಸ್ಟ್ 20ರಂದು ಹೆಣವಾಗಿ ಸಿಕ್ಕಿದ್ದು ಅಲ್ಲಿನ ಒಂದು ಮನೆಯಲ್ಲಿ. ಇವತ್ತು ಕೋಣನಕುಂಟೆ ಕ್ರಾಸ್ ಹಸಿರು ಮಾರ್ಗದ ಒಂದು ಮೆಟ್ರೊ ನಿಲ್ದಾಣ. ಅಲ್ಲಿ ಇಳಿಯುವ ಹುಡುಗ ಹುಡುಗಿಯರಲ್ಲಿ ಆ ಮನೆಯ ಕಥೆ ಗೊತ್ತಿರುವವರು ಕಡಿಮೆ. ಪದ್ಮನಾಭನಗರಕ್ಕೂ ಕೋಣನಕುಂಟೆಗೂ ನಡುವೆ ಇರುವುದು ಕೆಲವೇ ಕಿಲೋಮೀಟರ್. ಆದರೆ ನಾಯಕರ ಖಾಸಗಿ ಮಾತುಕತೆ ಹೇಗೆ ಕೈಗೂಡುತ್ತದೆ, ಹೇಗೆ ಕೈಕೊಡುತ್ತದೆ ಎಂಬ ಎರಡೂ ಕಥೆಗಳು ಈ ಅಂತರದೊಳಗೇ ಇವೆ.

ಮೊದಲು ಕೈಕೊಟ್ಟ ಕಥೆ. ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್‌ನ ಎರಡನೆಯ ಶೃಂಗಸಭೆ ಬೆಂಗಳೂರಿನಲ್ಲಿ ನಡೆದದ್ದು 1986ರ ನವೆಂಬರ್ 16 ಮತ್ತು 17ರಂದು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅವರ ಸಂಪುಟದಲ್ಲಿ ದೇವೇಗೌಡರು ನೀರಾವರಿ ಸಚಿವರು. ರಾಜೀವ್ ಗಾಂಧಿ ಆತಿಥೇಯರು. ಪಾಕಿಸ್ತಾನದಿಂದ ಪ್ರಧಾನಿ ಮಹಮ್ಮದ್ ಖಾನ್ ಜುನೇಜೊ, ಶ್ರೀಲಂಕಾದಿಂದ ಅಧ್ಯಕ್ಷ ಜೆ.ಆರ್. ಜಯವರ್ಧನೆ, ಬಾಂಗ್ಲಾದೇಶದಿಂದ ಎರ್ಷಾದ್, ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಮಾಲ್ಡೀವ್ಸ್‌ನ ಗಯೂಮ್ ಬಂದಿದ್ದರು. ನಾಯಕರು ಅಧಿಕಾರಿಗಳ ಸಾಲನ್ನು ಕೆಳಗೇ ಬಿಟ್ಟು ನಂದಿ ಬೆಟ್ಟಕ್ಕೆ ಹೋಗಿ ಅನೌಪಚಾರಿಕವಾಗಿ ಕೂತು ಮಾತಾಡಿದರು.

ಇಂಥ ಏಕಾಂತದ ಕೂಟ ಸಾರ್ಕ್‌ಗೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅದರ ಸನ್ನದಿನಲ್ಲೇ ಇದೆ. 1985ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಒಪ್ಪಿದ ಆ ಸನ್ನದಿನ ಹತ್ತನೆಯ ವಿಧಿಯಂತೆ ಎಲ್ಲ ನಿರ್ಣಯಗಳೂ ಸರ್ವಾನುಮತದವಾಗಿರಬೇಕು. ಇಬ್ಬರ ನಡುವಿನ ತಕರಾರು, ವಿವಾದದ ವಿಷಯ ಚರ್ಚೆಗೆ ಬರುವಂತಿಲ್ಲ. ಅಂದರೆ ಕಾಶ್ಮೀರವನ್ನಾಗಲಿ, ಫರಕ್ಕಾ ನೀರನ್ನಾಗಲಿ, ಜಾಫ್ನಾದ ರಕ್ತಪಾತವನ್ನಾಗಲಿ ಸಭೆಯಲ್ಲಿ ಎತ್ತುವ ಹಾಗಿಲ್ಲ. ಸುಡುವ ವಿಷಯಗಳೆಲ್ಲ ಹೀಗೆ ಸಭೆಯ ಹೊರಗೆ ಉಳಿದಾಗ ಬೆಟ್ಟದ ಮೇಲಿನ ಮಾತೇ ನಿಜವಾದ ಮಾತಾಗುತ್ತದೆ. ಆದರೆ ಆ ಮಾತಿಗೆ ಬರಹವಿಲ್ಲ, ಸಾಕ್ಷಿಯಿಲ್ಲ, ಮುಂದೆ ಅದನ್ನು ಹಿಡಿದು ಕೇಳಲು ಆಧಾರವೂ ಇಲ್ಲ. ಬೆಂಗಳೂರಿನ ಸಭೆ ಎಡವಿದ್ದು ಇಲ್ಲೇ ಎಂದು ನಾನು ಭಾವಿಸುತ್ತೇನೆ.

ಒಂದು ಉದಾಹರಣೆ ಬ್ರಾಸ್‌ಟ್ಯಾಕ್ಸ್. ರಾಜಸ್ಥಾನದ ಗಡಿಯಲ್ಲಿ ಭಾರತ ಆ ಚಳಿಗಾಲದಲ್ಲಿ ನಡೆಸಲು ಹೊರಟಿದ್ದ ಭಾರೀ ಸೇನಾ ಕವಾಯತು ಅದು. ಜುನೇಜೊ ಬೆಂಗಳೂರಿನಲ್ಲಿ ತಮ್ಮ ಆತಂಕವನ್ನು ರಾಜೀವ್ ಮುಂದಿಟ್ಟರು, ರಾಜೀವ್ ಸಮಾಧಾನ ಹೇಳಿದರು. ಇಬ್ಬರೂ ಸದುದ್ದೇಶದವರೇ. ಆದರೆ ಆ ಸಮಾಧಾನ ಕಾಗದದ ಮೇಲೆ ಬರಲಿಲ್ಲ. ಜುನೇಜೊ ಮರಳಿದ್ದು ಸೇನೆಯ ಹಿಡಿತ ಜಿಯಾ ಉಲ್ ಹಕ್ ಕೈಯಲ್ಲಿದ್ದ ಇಸ್ಲಾಮಾಬಾದಿಗೆ. 1987ರ ಜನವರಿಯ ಹೊತ್ತಿಗೆ ಎರಡೂ ಸೇನೆಗಳು ಎದುರುಬದುರಾಗಿ ನಿಂತಿದ್ದವು. ಫೆಬ್ರವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿಗಳು ಕೂತು, ಯಾವ ಪಡೆ ಎಲ್ಲಿಂದ ಹಿಂದೆ ಸರಿಯಬೇಕು ಎಂದು ಬರೆದುಕೊಂಡ ಮೇಲೆ ಉದ್ವೇಗ ಇಳಿಯಿತು.

ಇನ್ನೊಂದು ಕೋಣೆಯ ಕಥೆ ಇದಕ್ಕಿಂತ ನೋವಿನದು. ಜಯವರ್ಧನೆ ಬೆಂಗಳೂರಿನಲ್ಲಿದ್ದಾಗಲೇ ಭಾರತ ಸರ್ಕಾರ ಶ್ರೀಲಂಕಾದ ತಮಿಳು ಬಂಡಾಯ ಸಂಘಟನೆಯಾದ ಎಲ್‌ಟಿಟಿಇಯ ನಾಯಕ ವೇಲುಪಿಳ್ಳೈ ಪ್ರಭಾಕರನ್ ಅವರನ್ನು ಮದ್ರಾಸಿನಿಂದ ಇಲ್ಲಿಗೆ ಕರೆಸಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದರು. ಅದಕ್ಕೆ ಕೆಲವು ದಿನ ಮೊದಲಷ್ಟೇ ತಮಿಳುನಾಡು ಪೊಲೀಸರು ಉಗ್ರರ ಶಸ್ತ್ರಗಳನ್ನು ಕಿತ್ತುಕೊಂಡಿದ್ದರು, ಮನಸ್ಸುಗಳು ಕಹಿಯಾಗಿದ್ದವು. ಶ್ರೀಲಂಕಾದ ಪೂರ್ವ ಪ್ರಾಂತ್ಯವನ್ನು ಮೂರಾಗಿ ಒಡೆಯುವ ಸಲಹೆಯನ್ನು ಪ್ರಭಾಕರನ್ ಮುಂದಿಡಲಾಯಿತು. ಅವರು ಒಪ್ಪಲಿಲ್ಲ. ಒಂದೇ ನಗರದಲ್ಲಿದ್ದೂ ಅಧ್ಯಕ್ಷರು, ಬಂಡಾಯಗಾರರು ಮುಖಾಮುಖಿ ಕೂರಲಿಲ್ಲ. ಭಾರತದವರೇ ನಡುವೆ ನಿಂತು ಮಾತು ಸಾಗಿಸಿದರು. ಎಂಟು ತಿಂಗಳ ನಂತರ, 1987ರ ಜುಲೈ 29ರಂದು, ಕೊಲಂಬೊದಲ್ಲಿ ರಾಜೀವ್ ಮತ್ತು ಜಯವರ್ಧನೆ ಸಹಿ ಹಾಕಿದ ಒಪ್ಪಂದಕ್ಕೂ ಇದೇ ದೋಷ. ಶಸ್ತ್ರ ಕೆಳಗಿಡಬೇಕಾದವರ ಸಹಿಯೇ ಅದರಲ್ಲಿ ಇರಲಿಲ್ಲ. ಮುಂದೆ ಭಾರತದ ಶಾಂತಿಪಾಲನಾ ಪಡೆ, ಯುದ್ಧ, 1991ರ ಮೇ 21ರಂದು ಎಲ್‌ಟಿಟಿಇ ರಾಜೀವ್ ಅವರನ್ನು ಕೊಂದ ಶ್ರೀಪೆರಂಬದೂರು, ಕೊನೆಗೆ ಕೋಣನಕುಂಟೆ. ಬೆಂಗಳೂರಿನಲ್ಲಿ ಮಾತು ಮುರಿದದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ, ಹಿಂಸೆಯ ಹೊಣೆ ಹಿಂಸೆ ಮಾಡಿದವರದು. ಆದರೂ ಅಷ್ಟು ಹತ್ತಿರ ಬಂದ ಇಬ್ಬರನ್ನು ಎದುರುಬದುರು ಕೂರಿಸಲಾಗದೆ ಹೋದದ್ದು ನನ್ನನ್ನು ಕಾಡುತ್ತದೆ.

ಬೆಂಗಳೂರಿನ ಶೃಂಗಸಭೆಯಿಂದ ಉಳಿದದ್ದೇನು ಎಂದರೆ ಬರಹಕ್ಕೆ ಇಳಿದದ್ದಷ್ಟೇ. ಸಾರ್ಕ್‌ಗೆ ಒಂದು ಕಚೇರಿ ಬೇಕೆಂಬ ಒಡಂಬಡಿಕೆಗೆ ನವೆಂಬರ್ 17ರಂದು ಸಹಿಯಾಯಿತು. 1987ರ ಜನವರಿಯಲ್ಲಿ ಕಾಠ್ಮಂಡುವಿನಲ್ಲಿ ಶುರುವಾದ ಆ ಕಚೇರಿ ಈಗಲೂ ಇದೆ. ಶೃಂಗಸಭೆಗಳೇ ನಿಂತಿವೆ, 2014ರ ನವೆಂಬರಿನದ್ದೇ ಕೊನೆಯದು.

ಇಷ್ಟು ಓದಿದವರು, ಬಾಗಿಲು ಹಾಕುವುದೇ ತಪ್ಪಲ್ಲವೇ, ಎಲ್ಲ ಬಯಲಲ್ಲೇ ಆಗಲಿ ಎನ್ನಬಹುದು. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಎದುರಿದ್ದರೆ ನಾಯಕರು ಮಾತಾಡುವುದು ಎದುರಿಗಿರುವವರ ಜೊತೆ ಅಲ್ಲ, ತಮ್ಮೂರಿನ ಮತದಾರರ ಜೊತೆ. 2014ರ ಕಾಠ್ಮಂಡು ಶೃಂಗಸಭೆಯಲ್ಲಿ ಮೊದಲ ದಿನ ಎಲ್ಲವೂ ಕಗ್ಗಂಟಾಗಿತ್ತು. ಧುಲಿಖೇಲ್ ಬೆಟ್ಟದ ಏಕಾಂತ ಕೂಟದ ನಂತರವೇ ಇಂಧನ ಸಹಕಾರದ ಒಪ್ಪಂದಕ್ಕೆ ಎಲ್ಲರೂ ಒಪ್ಪಿದ್ದು. ಬೆಟ್ಟದ ಮಾತು ಅಂದೇ ಕಾಗದಕ್ಕೆ ಇಳಿದದ್ದರಿಂದ ಅದು ಉಳಿಯಿತು. ರಾಜಕಾರಣದ ತಿಳಿವಳಿಕೆ ಸಾಮಾನ್ಯ ಪ್ರಜೆಗೂ ಬೇಕೆಂದು ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನಮ್ಮ ಎನ್.ಆರ್. ಕಾಲೊನಿಯಲ್ಲಿದೆ. ಅಂಥ ಪ್ರಜೆ ಕೇಳಬೇಕಾದದ್ದು ಒಳಗೆ ಯಾರು ಏನೆಂದರು ಎಂಬುದನ್ನಲ್ಲ. ಒಳಗೆ ಯಾರನ್ನು ಬಿಟ್ಟರು, ಹೊರಬಂದು ಏನು ಬರೆದರು, ಅಷ್ಟೇ.

ಆ ಎರಡು ಪ್ರಶ್ನೆ ಹಿಡಿದು ಪದ್ಮನಾಭನಗರದ ಕಡೆ ಬರೋಣ. ದೇವೇಗೌಡರು ಪ್ರಧಾನಿಯಾಗಿದ್ದದ್ದು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ, ಒಂದು ವರ್ಷವೂ ತುಂಬಲಿಲ್ಲ. ಹದಿಮೂರು ಪಕ್ಷಗಳ ಸರ್ಕಾರ, ಕಾಂಗ್ರೆಸ್ಸಿನ ಹೊರಗಿನ ಬೆಂಬಲ, ಯಾವಾಗ ಬೀಳುತ್ತದೋ ಎಂಬ ಭಯ. ವಿದೇಶಾಂಗದ ಮಾತು ಬಂದರೆ ಎಲ್ಲರೂ ಸಚಿವ ಐ.ಕೆ. ಗುಜ್ರಾಲ್ ಹೆಸರು ಹೇಳುತ್ತಾರೆ, ಅದು ನ್ಯಾಯವೇ. ಆದರೆ 1996ರ ನವೆಂಬರ್ 29 ಮತ್ತು ಡಿಸೆಂಬರ್ 12, ಎರಡೇ ವಾರದೊಳಗೆ ಆದ ಎರಡು ಒಪ್ಪಂದಗಳ ಹಿಂದೆ ನೀರಾವರಿಯ ಲೆಕ್ಕ ಗೊತ್ತಿದ್ದ ಪ್ರಧಾನಿಯೊಬ್ಬರು ಇದ್ದರು. ಕರ್ನಾಟಕದಲ್ಲೇ ಈ ಮಾತನ್ನು ನಾವು ಸಾಕಷ್ಟು ಹೇಳಿಲ್ಲ.

ಬಾಂಗ್ಲಾದೇಶದ ಜೊತೆ ಡಿಸೆಂಬರ್ 12ರಂದು ಆದ ಗಂಗೆಯ ಒಪ್ಪಂದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಲ್ಕತ್ತೆಯ ಬಂದರಿನ ಹೂಳು ತೊಳೆಯಲು ಭಾರತ ಫರಕ್ಕಾದಲ್ಲಿ ಕಟ್ಟಿದ ಬ್ಯಾರೇಜು 1975ರಲ್ಲಿ ಶುರುವಾಯಿತು. 1977ರಲ್ಲಿ ಐದು ವರ್ಷದ ಒಪ್ಪಂದ, ಆಮೇಲೆ ತಾತ್ಕಾಲಿಕ ಒಡಂಬಡಿಕೆಗಳು, 1988ರಿಂದ ಅದೂ ಇಲ್ಲ. ಎಂಟು ಬೇಸಿಗೆ ಬಾಂಗ್ಲಾದೇಶಕ್ಕೆ ಯಾವ ಹಕ್ಕಿನ ಲೆಕ್ಕವೂ ಇರಲಿಲ್ಲ. 1996ರ ಒಪ್ಪಂದ ಜನವರಿ 1ರಿಂದ ಮೇ 31ರವರೆಗಿನ ಕಾಲವನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ಒಡೆಯಿತು. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಮಿಕ್ಕಿದ್ದೆಲ್ಲ ಬಾಂಗ್ಲಾದೇಶಕ್ಕೆ. ಮಾರ್ಚ್ 11ರಿಂದ ಮೇ 10ರ ಕಡು ಬೇಸಿಗೆಯಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಂತೆ ಎರಡೂ ದೇಶಗಳಿಗೆ ಮೂರು ಮೂರು ಸಲ 35,000 ಖಾತ್ರಿ. 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರ ಕೂಡಲೇ ಕೂತು ಮಾತಾಡಬೇಕು. ಫರಕ್ಕಾದಲ್ಲೂ ಬಾಂಗ್ಲಾದ ಹಾರ್ಡಿಂಜ್ ಸೇತುವೆಯ ಬಳಿಯೂ ಎರಡು ದೇಶಗಳ ಜನ ಒಟ್ಟಿಗೆ ನಿಂತು ಹರಿವು ಅಳೆಯಬೇಕು.

ಕಾವೇರಿಯ ವಿಷಯದಲ್ಲಿ ನಾವು ವರ್ಷಗಟ್ಟಲೆ ಕೇಳುತ್ತಿರುವ ಸಂಕಷ್ಟ ಸೂತ್ರವೆಂದರೆ ಇದೇ ಬಗೆಯದು. ಮಳೆ ಕೈಕೊಟ್ಟ ವರ್ಷ ಯಾರಿಗೆಷ್ಟು ಎಂಬುದನ್ನು ಮಳೆ ಬರುವ ಮುಂಚೆಯೇ ಬರೆದಿಟ್ಟುಕೊಳ್ಳುವುದು. ಹಾಸನದ ಕಡೆಯ ರೈತನ ಮಗನಿಗೆ ಇದರ ಬೆಲೆ ಗೊತ್ತಿತ್ತು.

ಅದಕ್ಕಿಂತ ಮುಖ್ಯವಾದದ್ದು ಗಂಗೆಯ ಮಾತು ನಡೆದ ಕೋಣೆಯಲ್ಲಿ ಯಾರಿದ್ದರು ಎಂಬುದು. ನೀರು ಬಿಟ್ಟುಕೊಡಬೇಕಾದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮೊದಲಿನಿಂದಲೂ ಒಳಗಿದ್ದರು; ಸಹಿಗೆ ಮುಂಚೆ ಅವರೇ ಢಾಕಾಕ್ಕೆ ಹೋಗಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಜೊತೆ ಮಾತಾಡಿ ಬಂದರು. ಹದಿನೈದು ವರ್ಷದ ನಂತರ, 2011ರ ಸೆಪ್ಟೆಂಬರಿನಲ್ಲಿ, ಮನಮೋಹನ್ ಸಿಂಗ್ ತೀಸ್ತಾ ನದಿಯ ಒಪ್ಪಂದದ ಕರಡು ಸಿದ್ಧವಾಗಿದ್ದಾಗ ಢಾಕಾಕ್ಕೆ ಹೊರಟರು. ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪದೆ ಪ್ರವಾಸದಿಂದಲೇ ಹಿಂದೆ ಸರಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡೂ ಸಲ ನೀರು ಹರಿಯಬೇಕಿದ್ದದ್ದು ಅದೇ ರಾಜ್ಯದಿಂದ ಅದೇ ದೇಶಕ್ಕೆ.

ನವೆಂಬರ್ 29ರ ಒಪ್ಪಂದ ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಾಗ ಆದದ್ದು. ವಾಸ್ತವಿಕ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸುವಂತಿಲ್ಲ ಎಂದು ಅದರ ಆರನೆಯ ವಿಧಿ ಹೇಳುತ್ತದೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತಾಗಲೂ ಗುಂಡು ಹಾರಲಿಲ್ಲ. ಸೈನಿಕರು ಬಂದೂಕು ಬಳಸದ್ದಕ್ಕೆ 1996 ಮತ್ತು 2005ರ ಒಪ್ಪಂದಗಳೇ ಕಾರಣವೆಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಹೇಳಿದರು. ಗುಂಡು ಹಾರಿದ್ದರೆ ಆ ರಾತ್ರಿ ಎಲ್ಲಿಗೆ ಮುಟ್ಟುತ್ತಿತ್ತೋ. ಆದರೂ ಈ ಒಪ್ಪಂದಕ್ಕೆ ಪೂರ್ತಿ ಅಂಕ ಕೊಡಲು ಮನಸ್ಸು ಬರುವುದಿಲ್ಲ. ರೇಖೆ ಎಲ್ಲಿದೆಯೆಂದು ನಕಾಶೆ ವಿನಿಮಯ ಮಾಡಿಕೊಳ್ಳುತ್ತೇವೆ ಎಂದೂ ಅದರಲ್ಲಿ ಬರೆದಿತ್ತು. ಆ ವಿನಿಮಯ ಆದದ್ದು ಮಧ್ಯ ವಲಯಕ್ಕೆ ಮಾತ್ರ, ಲಡಾಖಿನ ಕಡೆಗೆ ಆಗಲೇ ಇಲ್ಲ. ರೇಖೆಯೇ ಗೊತ್ತಿಲ್ಲದ ಕಡೆ ಎರಡು ಕಿಲೋಮೀಟರ್ ಅಳೆಯುವುದು ಎಲ್ಲಿಂದ? ಸತ್ತ ಇಪ್ಪತ್ತು ಮಂದಿಯ ಮನೆಯವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ.

2023ರ ಫೆಬ್ರವರಿ 24 ಮತ್ತು 25ರಂದು ಜಿ20 ದೇಶಗಳ ಹಣಕಾಸು ಸಚಿವರೂ ಕೇಂದ್ರೀಯ ಬ್ಯಾಂಕುಗಳ ಗವರ್ನರುಗಳೂ ಬೆಂಗಳೂರಿನಲ್ಲಿ ಸೇರಿದ್ದನ್ನು ಇಲ್ಲಿ ಬಿಡುವಂತಿಲ್ಲ. ಉಕ್ರೇನ್ ಯುದ್ಧದ ಮಾತಿರುವ ಎರಡು ಕಂಡಿಕೆಗಳಿಗೆ ರಷ್ಯಾ, ಚೀನಾ ಒಪ್ಪಲಿಲ್ಲ. ಜಂಟಿ ಪ್ರಕಟಣೆಯ ಜಾಗದಲ್ಲಿ ಅಧ್ಯಕ್ಷರ ಸಾರಾಂಶ ಹೊರಬಂತು. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಅದೇ. ನನಗೆ ಹೆಚ್ಚಿನದೆನಿಸುವುದು ಅದೇ 25ರಂದು ಇಲ್ಲಿ ಸೇರಿದ ಸಾಲದ ದುಂಡುಮೇಜು. ಐಎಂಎಫ್, ವಿಶ್ವಬ್ಯಾಂಕ್, ಭಾರತ ಸೇರಿ ಕರೆದ ಆ ಸಭೆಯಲ್ಲಿ ಸಾಲ ಕೊಟ್ಟ ಸರ್ಕಾರಗಳ ಜೊತೆ ಖಾಸಗಿ ಸಾಲಿಗರೂ ಇದ್ದರು, ಶ್ರೀಲಂಕಾ, ಜಾಂಬಿಯಾ, ಘಾನಾದಂಥ ಸಾಲಗಾರ ದೇಶಗಳೂ ಇದ್ದವು. ಸಾಲ ತೀರಿಸಬೇಕಾದವರನ್ನು ಹೊರಗೆ ನಿಲ್ಲಿಸಿ ಅವರ ಸಾಲದ ಬಗ್ಗೆ ಮಾತಾಡುವ ಹಳೆಯ ರೂಢಿಗೆ ಹೋಲಿಸಿದರೆ ಇದು ಮೇಲು.

ಗಂಗೆಯ ಒಪ್ಪಂದದ ಮೂವತ್ತು ವರ್ಷದ ಅವಧಿ 2026ರ ಡಿಸೆಂಬರಿಗೆ ತೀರುತ್ತದೆ. ಸಹಿ ಹಾಕಿದ ಹಸೀನಾ 2024ರ ಆಗಸ್ಟಿನಲ್ಲಿ ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದರು. 1977ರ ಒಪ್ಪಂದದಲ್ಲಿದ್ದ ಕನಿಷ್ಠ ಪಾಲಿನ ಖಾತ್ರಿ 1996ರಲ್ಲಿ ಬಿಟ್ಟುಹೋಯಿತೆಂಬುದು ಬಾಂಗ್ಲಾದೇಶದ ಹಳೆಯ ದೂರು, ಅದರಲ್ಲಿ ತಿರುಳಿದೆ. ಇನ್ನೊಂದು ದೂರು ನಮ್ಮೊಳಗಿನದು. ಫರಕ್ಕಾದಿಂದಾಗಿ ಗಂಗೆಯಲ್ಲಿ ಹೂಳು ತುಂಬಿ ಪ್ರವಾಹ ಹೆಚ್ಚುತ್ತಿದೆ, ಆ ಬ್ಯಾರೇಜನ್ನೇ ತೆಗೆದುಹಾಕಿ ಎಂದು ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ 2016ರಲ್ಲಿ ಒತ್ತಾಯಿಸಿದ್ದರು. 1996ರಲ್ಲಿ ಕಲ್ಕತ್ತೆಗೆ ಕುರ್ಚಿ ಸಿಕ್ಕಿತ್ತು, ಪಾಟ್ನಾಕ್ಕೆ ಸಿಕ್ಕಿರಲಿಲ್ಲ. ಹೊಸ ಒಪ್ಪಂದದ ಮಾತು ಯಾವ ಊರಿನ ಯಾವ ಕೋಣೆಯಲ್ಲೇ ನಡೆಯಲಿ, ಬಾಗಿಲು ಹಾಕುವ ಮುಂಚೆ ಪಾಟ್ನಾದವರೂ ಒಳಗೆ ಬಂದು ಕೂತಿರಬೇಕು.