ತಕ್ಕಡಿಗೆ ಸಿಗದ ಬೆಲೆ

ಬೆಂಗಳೂರಿನ ಶೇಷಾದ್ರಿಪುರಂನ ನಮ್ಮ ಮನೆಯ ಅಟ್ಟದಲ್ಲಿ ಸದ್ದಡಗಿ ವರ್ಷಗಳಾಗಿದ್ದ ಆಂಪ್ಲಿಫೈಯರ್ ಒಂದಿತ್ತು. ಗುಜರಿಯವರು ತಕ್ಕಡಿಗಿಟ್ಟು ಕಬ್ಬಿಣದ ದರ ಹೇಳಿದರು. ಕೊಡಲು ಮನಸ್ಸಾಗಲಿಲ್ಲ. ಮುಚ್ಚಳ ಬಿಚ್ಚಿದರೆ ಬೋರ್ಡು ಕರಕಲಾಗಿತ್ತು. ಆದರೆ 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಅಂಗೈಯಗಲದ ಹೀಟ್‌ಸಿಂಕ್, ಬ್ರಿಜ್ ರೆಕ್ಟಿಫೈಯರ್, ಸ್ಪೀಕರ್ ಟರ್ಮಿನಲ್ಲುಗಳು ಎಲ್ಲ ಗಟ್ಟಿಯಾಗಿದ್ದವು. ಆ ಟ್ರಾನ್ಸ್‌ಫಾರ್ಮರೇ ಈಗ ನನ್ನ ಮೇಜಿನ ಮೇಲಿನ ಪವರ್ ಸಪ್ಲೈಗೆ ಜೀವ.

ಹಳೆಯ ಉಪಕರಣದಿಂದ ಬಿಡಿಭಾಗ ಕಿತ್ತಿಡುವ ಈ ಕೆಲಸವನ್ನು ಜನ ಉಳಿತಾಯವೆಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುವ ರೆಸಿಸ್ಟರನ್ನು ಅರ್ಧ ಗಂಟೆ ಕೂತು ಕೀಳುವುದರಲ್ಲಿ ಯಾವ ಉಳಿತಾಯವೂ ಇಲ್ಲ. ಯಾವುದನ್ನು ಕೀಳಬೇಕು, ಯಾವುದನ್ನು ಮುಟ್ಟಬಾರದು ಎಂಬ ಅರಿವಿನಲ್ಲೇ ಈ ವಿದ್ಯೆಯ ಸತ್ವವಿದೆ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೇ ನೋಡಿ. ಅದರೊಳಗಿನ ದ್ರವ ಶಾಖಕ್ಕೆ ನಿಧಾನವಾಗಿ ಆರುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಹಳೆಯ ಟಿವಿಯಿಂದ ಕಿತ್ತದ್ದನ್ನು ಹೊಸ ರಿಪೇರಿಗೆ ಹಾಕಿದರೆ ಕಾಯಿಲೆಯನ್ನೇ ನೆಟ್ಟಂತೆ. ಲ್ಯಾಪ್‌ಟಾಪ್ ಬ್ಯಾಟರಿಯದು ಇನ್ನೂ ಗಂಭೀರ. ಆರು ಸೆಲ್ಲಿನ ಪ್ಯಾಕಿನಲ್ಲಿ ಒಂದೆರಡು ಸತ್ತರೂ ಇಡೀ ಪ್ಯಾಕು ನಿಲ್ಲುತ್ತದೆ, ಉಳಿದವು ಚೆನ್ನಾಗಿಯೇ ಇರಬಹುದು ಎಂಬುದು ನಿಜ. ಆದರೆ 2.5 ವೋಲ್ಟಿಗಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕುವುದು ಬೆಂಕಿಯನ್ನು ಮನೆಗೆ ಕರೆದಂತೆ. ಒಂದೊಂದರ ಸಾಮರ್ಥ್ಯವನ್ನೂ ಅಳೆಯದೆ ಪವರ್ ಬ್ಯಾಂಕ್ ಕಟ್ಟುವವರನ್ನು ಜಾಣರೆನ್ನಲು ನನ್ನಿಂದಾಗದು. ಮೈಕ್ರೊವೇವ್ ಓವನ್ನಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಕಲಿಯುವವರು ಅದನ್ನು ಬಿಚ್ಚದಿರುವುದೇ ಸರಿ. ರಿಲೇ, ಮೋಟರು, ಸ್ವಿಚ್ಚು, ಹೀಟ್‌ಸಿಂಕ್, ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್: ಇವು ಪರೀಕ್ಷಿಸಿ ತೆಗೆದಿಟ್ಟರೆ ಎರಡನೆಯ ಬಾಳು ಬಾಳುವಂಥವು.

ಬಿಡಿಭಾಗದ ಈ ಎರಡನೆಯ ಬಾಳಿಗೆ ಲೆಕ್ಕದಲ್ಲಿ ಜಾಗವಿಲ್ಲ; ಚಿನ್ನಕ್ಕೆ ಮೊದಲ ಮಣೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ನಮ್ಮ ಶೇಷಾದ್ರಿಪುರಂಗೆ ಹೆಸರು ತಂದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರ ಯೋಜನೆಯ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಇಂದು ಇ-ತ್ಯಾಜ್ಯದ ಲೆಕ್ಕದಲ್ಲೂ ಚಿನ್ನಕ್ಕೇ ಮಣೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮಗಳಡಿ ಮರುಬಳಕೆ ಘಟಕಗಳು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ಹೊರತೆಗೆದವೆಂಬುದರ ಮೇಲೆ ಪ್ರಮಾಣಪತ್ರ ಪಡೆಯುತ್ತವೆ. ದುರಸ್ತಿಯಾದ ಇಡೀ ಉಪಕರಣಕ್ಕೂ ಅಲ್ಲಿ ಜಾಗವಿದೆ. ಆದರೆ ಸುಸ್ಥಿತಿಯ ಒಂದು ರಿಲೇ ಮತ್ತೊಂದು ಯಂತ್ರವನ್ನು ಬದುಕಿಸಿದರೆ ಅದು ಯಾವ ಪಟ್ಟಿಯಲ್ಲೂ ಕಾಣದು. ತಂತಿ ಸುಟ್ಟು ತಾಮ್ರ ತೆಗೆಯುವ, ಆಸಿಡ್ಡಿನಲ್ಲಿ ಬೋರ್ಡು ಅದ್ದುವ ವಿಷದ ಕಸುಬನ್ನು ತಡೆಯಲು ಕಾನೂನು ಬೇಕೇ ಬೇಕು. ಸೋಲ್ಡರಿಂಗ್ ಕಡ್ಡಿ ಹಿಡಿದು ತಾಳ್ಮೆಯಿಂದ ಒಂದೊಂದೇ ಕಾಲು ಬಿಡಿಸುವವರ ಕೆಲಸ ಬೇರೆಯೇ. ಆ ಕೆಲಸವನ್ನು ಲೋಹ ಕರಗಿಸುವುದಕ್ಕಿಂತ ಮೇಲೆಂದು ನಿಯಮಗಳು ಎಣಿಸಬೇಕಿತ್ತು.

ಹೊಸ ಸಾಮಾನು ಬಿಡಿಭಾಗ ಕೀಳುವ ಈ ಕಸುಬನ್ನೇ ಕಷ್ಟಕ್ಕೆ ತಳ್ಳುತ್ತಿದೆ. ಸಾಸಿವೆಯಷ್ಟು ಚಿಕ್ಕ ಭಾಗಗಳು, ಅಂಟು ಹಾಕಿದ ಬ್ಯಾಟರಿ, ಒಳಗಿನ ಸಾಫ್ಟ್‌ವೇರ್ ಒಪ್ಪದೆ ಬೇರೆಡೆ ಕೆಲಸ ಮಾಡದ ಚಿಪ್ಪು. ನನ್ನ ಆಂಪ್ಲಿಫೈಯರಿನ ಮುಚ್ಚಳದ ಒಳಮೈಗೆ ಸರ್ಕ್ಯೂಟ್ ನಕ್ಷೆ ಅಂಟಿಸಿದ್ದರು. ಕಾಗದ ಹಳದಿಯಾಗಿದ್ದರೂ ಗೆರೆಗಳು ಸ್ಪಷ್ಟವಾಗಿದ್ದವು. ಟ್ರಾನ್ಸ್‌ಫಾರ್ಮರಿಗೂ ಮೊದಲು ಒದ್ದೆ ಬಟ್ಟೆಯಿಟ್ಟು ಬಿಡಿಸಿಕೊಂಡದ್ದು ಅದನ್ನೇ.