ಕಾಲುವೆಯ ದಡದಲ್ಲಿ ಗಣಕ ಶಿಕ್ಷಣ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲೂಕುಗಳನ್ನು ಗುಲಬರ್ಗಾದಿಂದ ಬೇರ್ಪಡಿಸಿ 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ಇಂಜಿನಿಯರಿಂಗ್ ಓದಬೇಕೆಂದರೆ ಇಲ್ಲಿನ ಮಕ್ಕಳು ಬಹುಕಾಲ ಗುಲಬರ್ಗಾ, ರಾಯಚೂರು ಅಥವಾ ಅದಕ್ಕೂ ದೂರದ ಊರುಗಳಿಗೆ ಹೋಗಬೇಕಿತ್ತು. ಈಗ ಸುರಪುರ ಸಮೀಪದ ಹಸನಾಪುರದಲ್ಲಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿದೆ. ಕಾಲೇಜು ಹತ್ತಿರ ಬಂದಿದೆ ನಿಜ. ಆದರೆ ಅಲ್ಲಿ ಕಲಿಸುವ ಪಾಠ ಈ ನೆಲಕ್ಕೆ ಹತ್ತಿರವಾಗಿದೆಯೇ ಎಂಬುದನ್ನು ವಿಚಾರಿಸಬೇಕಾಗಿದೆ.

1998ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವು ಸ್ವಾಯತ್ತವಲ್ಲದ ತನ್ನ ಸಂಯೋಜಿತ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮವನ್ನು ಕೊಡುತ್ತದೆ. ಇದು ದೋಷವಲ್ಲ. ದತ್ತ ರಚನೆ, ಕಾರ್ಯಾಚರಣ ವ್ಯವಸ್ಥೆ, ಗಣಕ ಜಾಲ ಮುಂತಾದ ಮೂಲ ವಿಷಯಗಳು ಬೆಂಗಳೂರಿಗೊಂದು, ಸುರಪುರಕ್ಕೊಂದು ಇರಲಾರವು. ಒಂದೇ ಪಠ್ಯ, ಒಂದೇ ಪರೀಕ್ಷೆ ಇರುವುದರಿಂದಲೇ ಹಿಂದುಳಿದ ಪ್ರದೇಶದ ವಿದ್ಯಾರ್ಥಿಯ ಪದವಿಗೆ ಸಮಾನ ಬೆಲೆ ಸಿಗುತ್ತದೆ. ತೊಂದರೆ ಇರುವುದು ಉದಾಹರಣೆಗಳಲ್ಲಿ, ಪ್ರಯೋಗಗಳಲ್ಲಿ ಮತ್ತು ಅಂತಿಮ ವರ್ಷದ ಯೋಜನಾ ಕೆಲಸದಲ್ಲಿ. ಹಾಜರಿ ಪುಸ್ತಕ, ಗ್ರಂಥಾಲಯ, ಬ್ಯಾಂಕ್ ಖಾತೆಗಳ ತಂತ್ರಾಂಶವನ್ನು ವಿದ್ಯಾರ್ಥಿಗಳು ವರ್ಷವರ್ಷವೂ ಮತ್ತೆ ಮತ್ತೆ ಬರೆಯುತ್ತಾರೆ. ಸಿದ್ಧ ಯೋಜನೆಗಳನ್ನು ಹಣಕ್ಕೆ ಮಾರುವ ಅಂಗಡಿಗಳಿಗೂ ಇದರಿಂದಲೇ ವ್ಯಾಪಾರ.

ಇದೇ ಜಿಲ್ಲೆಯಲ್ಲಿ ಗಣಕ ವಿಜ್ಞಾನಕ್ಕೆ ಎಂಥ ಪ್ರಯೋಗಶಾಲೆ ಇದೆ ನೋಡಿ. ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿರುವ ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಇದೆ. ಅಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯ ಉದ್ದ 78 ಕಿ.ಮೀ. ಆಧುನೀಕರಣಗೊಂಡ ಈ ಕಾಲುವೆ ಜಾಲವನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿ ವೆಚ್ಚದ ಯೋಜನೆ, ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ತೂಬುಗಳ ನಿಯಂತ್ರಣಕ್ಕೆ 'ಸ್ಕಾಡಾ' ಎಂಬ ಗಣಕ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಇಂಥ ವ್ಯವಸ್ಥೆಯಲ್ಲಿ ಸಂವೇದಕಗಳು ನೀರಿನ ಮಟ್ಟವನ್ನೂ ಗೇಟಿನ ಎತ್ತರವನ್ನೂ ಅಳೆಯುತ್ತವೆ. ಆ ಅಂಕಿಗಳು ನಿಯಂತ್ರಣ ಕೊಠಡಿಗೆ ತಲುಪಿ, ಅಲ್ಲಿಂದ ಗೇಟಿಗೆ ಆಜ್ಞೆ ಹೋಗುತ್ತದೆ.

ಪಠ್ಯದ ಅನೇಕ ಅಧ್ಯಾಯಗಳನ್ನು ಈ ಕಾಲುವೆಯ ಮೇಲೆಯೇ ಕಲಿಸಬಹುದು. ಮುಖ್ಯ ಕಾಲುವೆ, ಶಾಖಾ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ ಎಂಬ ಕ್ರಮವು ದತ್ತ ರಚನೆಯ ಪಾಠದಲ್ಲಿ ಬರುವ 'ವೃಕ್ಷ'ವೇ ಆಗಿದೆ. ಸರದಿಯ ಮೇಲೆ ಹೊಲಗಳಿಗೆ ನೀರು ಬಿಡುವ ವಾರಬಂದಿ ಪದ್ಧತಿಯು, ಕಾರ್ಯಾಚರಣ ವ್ಯವಸ್ಥೆಯ ಪಾಠದಲ್ಲಿ 'ರೌಂಡ್ ರಾಬಿನ್' ಎಂದು ಕಲಿಸುವ ಕಾಲಹಂಚಿಕೆಗೆ ತೀರ ಹತ್ತಿರದ್ದು. ಆದ್ಯತೆ ಕಡಿಮೆ ಇರುವ ಕೆಲಸ ಕಾಯುತ್ತಲೇ ಉಳಿಯುವುದನ್ನು ಆ ಪಾಠ 'ಸ್ಟಾರ್ವೇಶನ್', ಅಂದರೆ ಉಪವಾಸ, ಎನ್ನುತ್ತದೆ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಹರಿದು ಕೊನೆಯಂಚಿನ ರೈತ ಕಾಯುತ್ತ ಕೂತಾಗ ಆಗುವುದೂ ಅದೇ. ಕಾದಷ್ಟೂ ಆದ್ಯತೆ ಹೆಚ್ಚಿಸುವುದು ಪಠ್ಯ ಹೇಳುವ ಪರಿಹಾರ. ಅದನ್ನು ಕಾಲುವೆಗೆ ಅನ್ವಯಿಸಿದರೆ ಏನಾಗುತ್ತದೆ ಎಂದು ವಿದ್ಯಾರ್ಥಿ ಲೆಕ್ಕ ಹಾಕಿ ನೋಡಬಹುದು.

ಲೆಕ್ಕ ಸುಲಭದ್ದಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗವೆಂದು ಇಟ್ಟುಕೊಂಡರೂ ನೀರು 78 ಕಿ.ಮೀ. ಕ್ರಮಿಸಲು ಸುಮಾರು 22 ಗಂಟೆ ಬೇಕು. ಗೇಟು ತೆರೆಯುವ ತೀರ್ಮಾನ ಇಂದಿನದು, ಅದರ ಫಲ ನಾಳಿನದು. ಮೇಲೆ ಬಿಟ್ಟ ನೀರಿಗೂ ಕೆಳಗೆ ಬಂದ ನೀರಿಗೂ ವ್ಯತ್ಯಾಸ ಕಂಡರೆ ಅದು ಸೋರಿಕೆಯೋ, ಅಕ್ರಮ ಪಂಪೋ, ಸಂವೇದಕದ ದೋಷವೋ ಎಂದು ಗುರುತಿಸಬೇಕು. ಯಂತ್ರ ಕಲಿಕೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಕಿಲ್ಲ.

2022ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಜಲ ಸಂರಕ್ಷಣೆ ಇಲ್ಲವೆಂದಲ್ಲ. ಮೂರನೇ ಸೆಮಿಸ್ಟರಿನ, ಒಂದೇ ಕ್ರೆಡಿಟ್ಟಿನ, ಸಾಮಾಜಿಕ ಹೊಣೆಗಾರಿಕೆಯ ವಿಷಯದಲ್ಲಿ ಗಿಡ ನೆಡುವುದು, ಪರಂಪರೆಯ ನಡಿಗೆ ಇವುಗಳ ಜೊತೆ ಅದಕ್ಕೂ ಜಾಗವಿದೆ. ಊರಿನ ನೀರನ್ನು ಸಮಾಜ ಸೇವೆಯ ವಿಷಯವಾಗಿ ಕಂಡಿದ್ದಾರೆಯೇ ಹೊರತು ಗಣಕ ವಿಜ್ಞಾನದ ಸಮಸ್ಯೆಯಾಗಿ ಕಂಡಿಲ್ಲ. ಇದೇ ಪಠ್ಯಕ್ರಮವು ಎಂಟನೇ ಸೆಮಿಸ್ಟರಿನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಷಿಪ್ ವಿಧಿಸುತ್ತದೆ. ಸುರಪುರದಲ್ಲಾಗಲಿ ಶಹಾಪುರದಲ್ಲಾಗಲಿ ದೊಡ್ಡ ತಂತ್ರಾಂಶ ಕಂಪನಿಗಳಿಲ್ಲ. ಬೆಂಗಳೂರಿನಲ್ಲಿ ಕೋಣೆ ಬಾಡಿಗೆ ಕೊಡಲಾಗದ ಮನೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲಿಗೆ ಹೋಗಬೇಕು? ಸಮಾನ ನಿಯಮ ಇಲ್ಲಿ ಅಸಮಾನ ಹೊರೆಯಾಗುತ್ತದೆ.

ಪರಿಹಾರಕ್ಕೆ ಹೊಸ ಪಠ್ಯಕ್ರಮ ಬೇಕಾಗಿಲ್ಲ. ಮೊದಲನೆಯದಾಗಿ, ಕೃಷ್ಣಾ ಭಾಗ್ಯ ಜಲ ನಿಗಮವು ಕಾಲುವೆಯ ಹಳೆಯ ದಾಖಲೆಗಳನ್ನು ಕಾಲೇಜುಗಳಿಗೆ ಅಭ್ಯಾಸಕ್ಕೆಂದು ಒದಗಿಸಲಿ. ನಡೆಯುತ್ತಿರುವ ಗೇಟುಗಳನ್ನು ವಿದ್ಯಾರ್ಥಿಗಳು ಮುಟ್ಟಬೇಕಾಗಿಲ್ಲ; ಕಳೆದ ಹಂಗಾಮಿನ ಅಂಕಿಗಳು ಸಾಕು. ಎರಡನೆಯದಾಗಿ, ಭೀಮರಾಯನಗುಡಿ ಮತ್ತು ನಾರಾಯಣಪುರದ ನೀರಾವರಿ ಕಚೇರಿಗಳನ್ನು ಇಂಟರ್ನ್‌ಷಿಪ್ ಕೇಂದ್ರಗಳಾಗಿ ವಿಶ್ವವಿದ್ಯಾಲಯ ಮಾನ್ಯ ಮಾಡಲಿ. ಮೂರನೆಯದಾಗಿ, ಯೋಜನಾ ಕೆಲಸದ ಮೌಖಿಕ ಪರೀಕ್ಷೆಯಲ್ಲಿ ಅದನ್ನು ಬಳಸಬೇಕಾದವರೊಬ್ಬರು, ಒಬ್ಬ ಕಿರಿಯ ಇಂಜಿನಿಯರೋ ನೀರು ಬಳಕೆದಾರರ ಸಂಘದ ರೈತರೋ, ಕುಳಿತಿರಲಿ. ಅವರು ಕನ್ನಡದಲ್ಲಿ ಕೇಳುವ ಪ್ರಶ್ನೆಗೆ ವಿದ್ಯಾರ್ಥಿ ಕನ್ನಡದಲ್ಲಿ ಉತ್ತರಿಸಬೇಕಾಗುತ್ತದೆ. ಅಂಗಡಿಯಿಂದ ತಂದ ಯೋಜನೆ ಆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.